ಹೇರು ಮತ್ತು ಏರು

ಸಂಸ್ಕೃತದಲ್ಲಿ ಎತ್ತಿಗೆ ‘ಅನಡ್ವಾನ್’ ಎಂಬ ಒಂದು ಹೆಸರುಂಟು. ‘ಅನಸ್’ ಎಂದರೆ ಬಂಡಿ. ಅದನ್ನು ವಹಿಸತಕ್ಕದ್ದು, ಎಂದರೆ ಎಳೆಯತಕ್ಕದ್ದು, ಅನಡ್ವಾನ್. ನೊಗಕ್ಕೆ ‘ಧುರ್’ ಎಂದು ಹೆಸರು; ಅದನ್ನು ಹೊತ್ತ ಪ್ರಾಣಿಯೇ ‘ಧುರ್ಯ’, ‘ಧೌರೇಯ’. ಈ ರೂಪಗಳು ಹೇಗೆ ಸಿದ್ಧವಾಗುವುವೆಂಬುದನ್ನು ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ವಿಧಿಸಿರುವನು. ಸಭೆಗಳಲ್ಲಿ ಮುಖಂಡರನ್ನು ‘ಧುರೀಣರು’, ‘ಧುರಂಧರರು’ ಎಂದು ಹೊಗಳುವವರು, ಆ ಮಾತು ಎತ್ತಿನ ಹೆಗಲಿನಿಂದ ಇಳಿದು ಬಂದುದೆಂಬುದನ್ನು ನೆನೆಯುವುದು ಅಪರೂಪ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಸೀಮೆಗಳ ಶಾಲೆಗಳಲ್ಲಿ ನಾವು ಮೂವತ್ತು ವರ್ಷಗಳಿಗೂ ಮಿಕ್ಕು ಈ ಶಬ್ದಗಳನ್ನು ಪಾಠ ಹೇಳಿದೆವು. ಒಮ್ಮೆ ರೈತರ ಹುಡುಗನೊಬ್ಬನು ಎದ್ದು ನಿಂತು, “ಹಾಗಾದರೆ ಟ್ರಾಕ್ಟರಿಗೆ ಏನನ್ನಬೇಕು ಮೇಷ್ಟ್ರೇ?” ಎಂದು ಕೇಳಿದನು. “ಅದೂ ಧೌರೇಯವೇ ಕಣಪ್ಪ” ಎಂದು ನಕ್ಕು ಮುಂದಿನ ಪಾಠಕ್ಕೆ ಹೋದೆವು. ಆ ಉತ್ತರದ ಪೂರ್ಣಾರ್ಥವು ನಮಗೇ ತಿಳಿದದ್ದು ನಿವೃತ್ತರಾದ ವರ್ಷದ ಭಾದ್ರಪದ ಮಾಸದಲ್ಲಿ, ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ದಾರಿಯ ಒಂದು ಏರಿನಲ್ಲಿ. ಅದನ್ನು ವಾಚಕರಿಗೆ ಅರಿಕೆಮಾಡುವುದೇ ಈ ಲೇಖನದ ಉದ್ದೇಶ. ಮನೆಯಲ್ಲಿ ಟ್ರಾಕ್ಟರಾಗಲಿ ಲಾರಿಯಾಗಲಿ ಇರುವ ಗೃಹಸ್ಥರಿಗೆ ಇದು ಉಪಯೋಗಕ್ಕೆ ಬಂದೀತು. ಇಲ್ಲದವರೂ ಅವುಗಳ ಹಿಂದೆ ಮುಂದೆ ದಾರಿ ನಡೆಯತಕ್ಕವರೇ ಅಲ್ಲವೇ?

ನಮ್ಮ ಜಿಲ್ಲೆಯು ಹೇರಿನ ಜಿಲ್ಲೆ. ಹಾಸನದ ಸುತ್ತ ಆಲೂಗಡ್ಡೆ. ಅದರ ಬಿತ್ತನೆಯ ಗಡ್ಡೆಯು ದೂರದ ಪಂಜಾಬಿನ ಜಲಂಧರದಿಂದ ಬರುವುದು. ಚನ್ನರಾಯಪಟ್ಟಣದ ಕಡೆ ಕಬ್ಬು ಮತ್ತು ತೆಂಗು. ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು, ಅದನ್ನು ಹರಾಜು ಹಾಕುವ ಕಟ್ಟೆ ಕಾವೇರೀತೀರದ ರಾಮನಾಥಪುರದಲ್ಲಿದೆ. ಹೊಳೆನರಸೀಪುರದ ಬಯಲಿನಲ್ಲಿ ಹೇಮಾವತಿಯ ನೀರಿನ ಬತ್ತ. ಈ ಪದಾರ್ಥಗಳೆಲ್ಲ ಹೊಲದಿಂದ ಪೇಟೆಗೆ ಹೋಗಬೇಕಾದರೆ ಯಾವುದಾದರೊಂದು ಧೌರೇಯವು ಎಳೆಯಲೇಬೇಕು.

ಹಿಂದೆ ಎಳೆಯುತ್ತಿದ್ದುದು ಹಳ್ಳಿಕಾರ್ ಎತ್ತು, ಅಮೃತಮಹಲ್ ಎತ್ತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಪಟ್ಟಕ್ಕೆ ಬಂದು ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪೂ ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಬೆಣ್ಣೆಗಾಗಿ ಸಾಕಿದ ಹಸುಗಳ ಕರುಗಳು ಹೈದರ್ ಮತ್ತು ಟಿಪ್ಪೂ ಇವರ ತೋಪುಗಳನ್ನೂ ದಂಡಿನ ಸಾಮಾನನ್ನೂ ಎಳೆದುವು; ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ದಂಡನ್ನೂ ಎಳೆದುವು. ಇವುಗಳ ಮೇವಿಗಾಗಿ ಬಿಟ್ಟ ಕಾವಲುಗಳು ನಮ್ಮ ಜಿಲ್ಲೆಯಲ್ಲಿಯೂ ಇದ್ದುವು. ನಮ್ಮ ಬಾಲ್ಯದಲ್ಲಿಯೂ ಮನೆಯ ಮುಂದೆ ಒಂದು ಜೋಡಿ ಕಟ್ಟಿತ್ತು. ನಮ್ಮ ಅಣ್ಣನವರು ಅವನ್ನು ಮಾರಿ ಟ್ರಾಕ್ಟರು ತಂದ ದಿನ ಅತ್ತಿಗೆಯವರು ಊಟ ಮಾಡಲಿಲ್ಲ. ಆದರೆ ಕಾಲವನ್ನು ಕಟ್ಟಿಹಾಕಲು ಗೂಟವಿಲ್ಲ.

ಈಗ ನಡೆದ ಸಂಗತಿಯನ್ನು ಹೇಳುವೆವು. ಅಣ್ಣನ ಮಗನು ಆ ವರ್ಷ ಆಲೂಗಡ್ಡೆ ಬೆಳೆದಿದ್ದನು. ಗಡ್ಡೆ ಕೀಳುವ ಹೊತ್ತಿಗೆ ಮಳೆ ಹಿಡಿಯಿತು. ನೆನೆದ ಗಡ್ಡೆ ನಿಲ್ಲುವುದಿಲ್ಲ. ಒಂದು ಕೊಳೆತರೆ ಮೂಟೆಯೆಲ್ಲ ಕೊಳೆಯುವುದು. ಬೀಜಕ್ಕಾಗಿ ಸೊಸೆಯ ಕೊರಳ ಸರವು ಅಡವಿಗೆ ಹೋಗಿತ್ತು. ಹೀಗಿರಲು, ಎರಡು ಸಲ ಹೋಗಬೇಕಾದ ಹೇರನ್ನು ಒಂದೇ ಸಲಕ್ಕೆ ಒಯ್ದರೆ ಡೀಸೆಲೂ ಉಳಿಯಿತು, ದಿನವೂ ಉಳಿಯಿತು ಎಂದು ಅವನು ಎಣಿಸಿದನು. ಐವತ್ತು ಕಿಲೋಗ್ರಾಮಿನ ಮೂಟೆಗಳು ನೂರಮೂವತ್ತು, ಎಂದರೆ ಆರೂವರೆ ಟನ್ನು. ಟ್ರೇಲರಿನ ನೋಂದಣಿಪತ್ರದಲ್ಲಿ ಕಂಡಿದ್ದುದಕ್ಕಿಂತ ಅದು ಬಹಳ ಹೆಚ್ಚು. “ಇಷ್ಟು ಬೇಡವಪ್ಪ” ಎಂದೆವು. “ಎಲ್ಲರೂ ಹೀಗೇ ಹೇರುತ್ತಾರೆ ಚಿಕ್ಕಪ್ಪ, ಎಂಜಿನ್ನಿಗೆ ಶಕ್ತಿ ಇದೆ” ಎಂದನು. ಅವನ ಒಂಬತ್ತು ವರ್ಷದ ಮಗನು ಹಾಸನ ನೋಡುವ ಆಸೆಯಿಂದ ಹಿಂಗಾಲಿಯ ಮೇಲಿನ ತಗಡಿನ ಮೇಲೆ ಹತ್ತಿ ಕುಳಿತನು. ನಾವೂ ಬೇಡವೆನ್ನಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇವೆ. ಮೂಟೆಗಳ ಮೇಲೆ ಮುದುಕ ಆಳೊಬ್ಬನು ಕುಳಿತನು. ಅವನು ಯೌವನದಲ್ಲಿ ಗಾಡಿ ಹೊಡೆದವನು. ನಾವು ನಮ್ಮ ಸ್ಕೂಟರಿನಲ್ಲಿ ಹಿಂದೆ ಹೊರಟೆವು.

ಹೊಳೆನರಸೀಪುರವು ಹೇಮಾವತಿಯ ದಂಡೆಯ ಊರು. ಹಾಸನವು ಅದಕ್ಕಿಂತ ಎತ್ತರದಲ್ಲಿರುವುದು. ಆದುದರಿಂದ ದಾರಿಯು ಒಟ್ಟಿನಲ್ಲಿ ಏರುದಾರಿ. ಒಂದು ದಿಬ್ಬದ ನಡುವೆ ಟ್ರಾಕ್ಟರಿನ ದನಿಯು ಕುಗ್ಗಿತು. ಹುಡುಗನು ಮೇಲಿನ ಗೇರಿನಲ್ಲಿಯೇ ಏರನ್ನು ಹಿಡಿದಿದ್ದನು. ಕೆಳಗಿನ ಗೇರಿಗೆ ಬರಬೇಕೆಂದು ಕ್ಲಚ್ಚನ್ನು ತುಳಿದನು. ಹಲ್ಲುಗಳು ಕರಕರನೆ ಕೂಗಿದುವು, ಕೂಡಲಿಲ್ಲ. ಎಂಜಿನ್ನಿಗೂ ಗಾಲಿಗೂ ಸಂಬಂಧವು ತಪ್ಪಿತು. ಹೇರು ಹಿಂದಕ್ಕೆ ಹೊರಳಿತು. ಟ್ರೇಲರಿಗೆ ಬೇರೆ ಬ್ರೇಕು ಇರಲಿಲ್ಲ. ಟ್ರಾಕ್ಟರಿನ ಬ್ರೇಕು ಅಷ್ಟು ಭಾರವನ್ನು ಹಿಡಿಯಲಾರದೆ ಹೋಯಿತು. ಟ್ರೇಲರು ಓರೆಯಾಗಿ, ಟ್ರಾಕ್ಟರನ್ನು ಚರಂಡಿಯ ಕಡೆಗೆ ತಿರುಗಿಸತೊಡಗಿತು. ಮಗುವು ಹೆದರಿ ಕೆಳಕ್ಕೆ ಹಾರಿತು. ಗಾಲಿಯು ಅವನಿಂದ ಒಂದು ಮೊಳದಷ್ಟು ದೂರದಲ್ಲಿ ಹಾಯ್ದುದನ್ನು ನಾವು ಕಣ್ಣಾರೆ ಕಂಡೆವು. ಅಷ್ಟರಲ್ಲಿ ಆ ಮುದುಕನು ಮೂಟೆಯ ಮೇಲಿನಿಂದ ಜಾರಿ ಇಳಿದು, ದಾರಿಯ ಅಂಚಿನ ದಪ್ಪ ಕಲ್ಲೊಂದನ್ನು ತಳ್ಳಿ ಗಾಲಿಗೆ ಒಡ್ಡಿದನು. ಹೇರು ನಿಂತಿತು. “ಏರಿನಲ್ಲಿ ಗಾಡಿ ನಿಂತರೆ ಮೊದಲು ಕಲ್ಲು, ಆಮೇಲೆ ಮಾತು, ಸ್ವಾಮಿ” ಎಂದು ಅವನು ಮೈ ಒರಸಿಕೊಂಡನು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹುಡುಗನು ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಎಂಜಿನ್ನನ್ನು ಕೂಗಿಸಿ, ಮತ್ತೆ ಮತ್ತೆ ಎಳೆಸಿ ನೋಡಿದನು. ಸುಟ್ಟ ವಾಸನೆ ಬಂತು, ಒಳಗೇನೋ ಟಣ್ಣೆಂದಿತು, ಎಂಜಿನ್ನು ತಿರುಗುತ್ತಿದ್ದರೂ ಗಾಲಿ ತಿರುಗಲಿಲ್ಲ. ರಾತ್ರಿಯೆಲ್ಲ ಹೇರು ಮಳೆಯಲ್ಲಿ ನಿಂತಿತು. ಮರುದಿನ ಬೇರೆ ಗಾಡಿಗೆ ತುಂಬಿ ಹಾಸನದ ಮಾರುಕಟ್ಟೆಗೆ ಮುಟ್ಟಿಸುವಾಗ ಮೂಟೆಗಳಿಂದ ನೀರು ಒಸರುತ್ತಿತ್ತು. ಸಿಕ್ಕಿದ ಬೆಲೆಯನ್ನು ಹೇಳದಿರುವುದೇ ಲೇಸು.

ರಿಪೇರಿಯ ಮೇಸ್ತ್ರಿಯು ಗೇರುಪೆಟ್ಟಿಗೆಯ ಕೆಳಗಿನ ಬಿರಡೆಯನ್ನು ಬಿಚ್ಚಿ ಎಣ್ಣೆಯನ್ನು ಬಾಣಲೆಗೆ ಇಳಿಸಿದನು. ಅದು ಎಣ್ಣೆಯಂತಿರಲಿಲ್ಲ, ಹಾಲು ಬೆರೆಸಿದ ಕಾಫಿಯಂತೆ ಬೆಳ್ಳಗೆ ಕಲಕಿತ್ತು, ಅದರಲ್ಲಿ ಲೋಹದ ಚೂರುಗಳು ಮಿನುಗುತ್ತಿದ್ದುವು. “ನೀರು ಸೇರಿದೆ ಮೇಷ್ಟ್ರೇ. ಇದನ್ನು ಯಾವಾಗ ಬದಲಾಯಿಸಿದ್ದು?” ಎಂದು ಕೇಳಿದನು. ಅಣ್ಣನ ಮಗನು ನಮ್ಮ ಮುಖ ನೋಡಿದನು. ನಾವು ಅವನ ಮುಖ ನೋಡಿದೆವು. ಆ ದಿನದಿಂದ ನಾವು ಅಂಗಡಿಯ ಮುರುಕು ಬೆಂಚಿನ ಮೇಲೆ ಕುಳಿತು ಮೇಸ್ತ್ರಿಗೆ ಶಿಷ್ಯರಾದೆವು. ಕಲಿತುದನ್ನು ಕ್ರಮವಾಗಿ ನಿರೂಪಿಸುವೆವು.

ಮೊದಲನೆಯದಾಗಿ ಏರಿನ ಲೆಕ್ಕ. ಮೂಟೆಗಳು ಆರೂವರೆ ಟನ್ನು, ಟ್ರೇಲರು ಸುಮಾರು ಒಂದೂವರೆ, ಟ್ರಾಕ್ಟರು ಸುಮಾರು ಎರಡು; ಒಟ್ಟು ಹತ್ತು ಟನ್ನು. ಸಮನಾದ ಡಾಂಬರುದಾರಿಯಲ್ಲಿ ಇದನ್ನು ಉರುಳಿಸಲು ಬೇಕಾದುದು ನೂರೈವತ್ತು ಕಿಲೋಗ್ರಾಮಿನ ಸುಮಾರು ಎಳೆತ ಮಾತ್ರ. ಇಪ್ಪತ್ತು ಅಡಿ ನಡೆದರೆ ಒಂದು ಅಡಿ ಏರುವ ದಿಬ್ಬವು ಬಂತೆನ್ನಿ. ಆಗ ಒಟ್ಟು ಭಾರದ ಇಪ್ಪತ್ತನೆಯ ಒಂದು ಪಾಲು, ಎಂದರೆ ಐನೂರು ಕಿಲೋಗ್ರಾಂ, ಹಿಂದಕ್ಕೆ ಜಗ್ಗುವುದು. ನೂರೈವತ್ತಿದ್ದ ಎಳೆತವು ಆರುನೂರೈವತ್ತಾಯಿತು; ನಾಲ್ಕರಷ್ಟಕ್ಕೂ ಮಿಕ್ಕಿತು. ಕಣ್ಣಿಗೆ ದಿಬ್ಬವು ಅಲ್ಪ. ಎಂಜಿನ್ನಿಗೆ ಅದು ಬೇರೆಯೇ ಲೋಕ. ಸಮನೆಲದಲ್ಲಿ ಸರಾಗವಾಗಿ ಬಂದಿತೆಂದು ಭಾರವು ಹಿತವಾಗಿದೆಯೆಂದು ತಿಳಿಯುವುದೇ ಮೊದಲ ಮೋಸ.

ಎರಡನೆಯದು ಗೇರಿನ ಮರ್ಮ. ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಹತ್ತಿದವರಿಗೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಮೆಟ್ಟಿಲು ಚಿಕ್ಕದಾದರೆ ಹೆಜ್ಜೆಗಳು ಹೆಚ್ಚುವುವು, ಆದರೆ ಪ್ರತಿಯೊಂದು ಹೆಜ್ಜೆಗೂ ಬೇಕಾದ ಬಲವು ಕಡಮೆ. ಗೇರುಪೆಟ್ಟಿಗೆಯು ಎಂಜಿನ್ನಿಗೆ ಮೆಟ್ಟಿಲನ್ನು ಕಡಿದುಕೊಡುವ ಕಲ್ಲುಕುಟಿಗನಂತೆ. ಹದಿನೈದು ಹಲ್ಲಿನ ಗಾಲಿಯು ಅರುವತ್ತು ಹಲ್ಲಿನ ಗಾಲಿಯನ್ನು ತಿರುಗಿಸಿದರೆ ವೇಗವು ಕಾಲುಭಾಗವಾಗುವುದು. ತಿರುಗಿಸುವ ಬಲವು, ಉಜ್ಜಾಟದಲ್ಲಿ ಕಳೆಯುವ ಅಲ್ಪಾಂಶವನ್ನು ಬಿಟ್ಟರೆ, ನಾಲ್ಕರಷ್ಟಾಗುವುದು. ಆದುದರಿಂದ “ಎಂಜಿನ್ನಿಗೆ ಶಕ್ತಿಯಿದೆ” ಎಂಬುದು ಅರ್ಧ ಸತ್ಯ. ಆ ಶಕ್ತಿಯನ್ನು ಏರಿಗೆ ತಕ್ಕ ಗೇರಿನಲ್ಲಿ ಕೊಟ್ಟರೆ ಮಾತ್ರ ಅದು ಬಲವಾಗುವುದು. ಅನೇಕ ಟ್ರಾಕ್ಟರುಗಳ ಗೇರನ್ನು ಕಾರಿನ ಗೇರಿನಂತೆ ಓಟದ ನಡುವೆ ಸಲೀಸಾಗಿ ಬದಲಾಯಿಸಲಾಗದು. ಏರಿನ ಬುಡದಲ್ಲಿಯೇ ನಿಲ್ಲಿಸಿ, ಕೆಳಗಿನ ಗೇರಿಗೆ ಹಾಕಿಕೊಂಡು ಹೊರಡಬೇಕು. ನಡುವೆ ಬದಲಾಯಿಸಹೊರಟರೆ ನಮಗಾದದ್ದೇ ಆಗುವುದು.

ಮೂರನೆಯದು ಕ್ಲಚ್ಚು. ಎಂಜಿನ್ನಿಗೂ ಗೇರಿಗೂ ನಡುವೆ ಒಂದಕ್ಕೊಂದು ಒತ್ತಿಕೊಂಡು ತಿರುಗುವ ತಟ್ಟೆಗಳೇ ಕ್ಲಚ್ಚು. ಪೂರ್ತಿ ಕೂಡಿದ್ದರೆ ಅವು ಸವೆಯವು. ಪೂರ್ತಿ ಬಿಟ್ಟಿದ್ದರೂ ಸವೆಯವು. ಅರ್ಧ ತುಳಿದಾಗ ಒಂದರ ಮೇಲೊಂದು ಜಾರಿ ಉರಿಯುವುವು. ಏರಿನಲ್ಲಿ ಬ್ರೇಕಿಗೆ ಬದಲಾಗಿ ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ನಿಲ್ಲಿಸಿಕೊಳ್ಳುವುದು, ದಾರಿಯುದ್ದಕ್ಕೂ ಪಾದವನ್ನು ಕ್ಲಚ್ಚಿನ ಮೇಲೆ ಊರಿಕೊಂಡಿರುವುದು, ಇವೆರಡೂ ಹಣವನ್ನು ಒಲೆಗೆ ಹಾಕಿದಂತೆ. ಸುಟ್ಟ ವಾಸನೆ ಬಂದ ಕೂಡಲೇ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಭಾರವನ್ನು ಇಳಿಸುವುದೇ ವಿವೇಕ.

ನಾಲ್ಕನೆಯದು ಎಣ್ಣೆ. ಗಾಡಿಯ ಕಾಲದಲ್ಲಿ ಕೀಲೆಣ್ಣೆಯ ಬುರುಡೆಯಿಲ್ಲದೆ ಯಾರೂ ದೂರದ ಪ್ರಯಾಣಕ್ಕೆ ಹೊರಡುತ್ತಿರಲಿಲ್ಲ. ಗಾಲಿಯು ಕಿರುಗುಟ್ಟಿದರೆ ಊರೆಲ್ಲ ಕೇಳುತ್ತಿತ್ತು. ನಾಚಿಕೆಯಾದರೂ ಎಣ್ಣೆ ಹಾಕಿಸುತ್ತಿತ್ತು. ಗೇರಿನ ಎಣ್ಣೆಯು ಪೆಟ್ಟಿಗೆಯೊಳಗೆ ಅಡಗಿರುವುದರಿಂದ ಅದನ್ನು ಮರೆಯುತ್ತೇವೆ. ಅದು ಹಲ್ಲು ಹಲ್ಲುಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಉಜ್ಜಾಟವನ್ನು ತಡೆಯುವುದು, ಶಾಖವನ್ನು ಒಯ್ಯುವುದು. ಕಾದು ಕಾದು ಅದರ ಗುಣವು ಕೆಡುವುದು. ನೀರು ಸೇರಿದರೆ ಬೆಳ್ಳಗಾಗುವುದು. ಹಲ್ಲು ಸವೆದರೆ ಅದರಲ್ಲಿ ಲೋಹದ ಪುಡಿ ಕಾಣುವುದು. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗಳ ದುಡಿಮೆಗೊಮ್ಮೆ ಅದನ್ನು ಬದಲಾಯಿಸಬೇಕು. ಮಳೆಗಾಲದ ಕೆಸರುಗದ್ದೆಯಲ್ಲಿ ಇಳಿಸಿದ ಮೇಲಂತೂ ತೆಗೆದು ನೋಡಬೇಕು. ಗೇರು ತಾನಾಗಿ ಕಳಚಿಕೊಳ್ಳುವುದು, ಹೊಸದಾಗಿ ಗುಂಯ್‌ಗುಟ್ಟುವುದು, ಕೂಡುವಾಗ ಕರಕರನೆನ್ನುವುದು, ನೆಲದ ಮೇಲೆ ಎಣ್ಣೆಯ ಕಲೆ ಬೀಳುವುದು, ಇವು ಯಂತ್ರದ ಭಾಷೆ. ವ್ಯಾಕರಣವನ್ನು ಅರಿಯದವನಿಗೆ ಶಬ್ದವು ಬರಿಯ ಸದ್ದು. ಅರಿತವನಿಗೆ ಅದೇ ಅರ್ಥ.

ಐದನೆಯದು ಹೇರುವ ಬಗೆ. ಗಾಡಿ ಹೊಡೆದವರಿಗೆ ಮುಂಭಾರ ಹಿಂಭಾರಗಳ ಭೇದವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುವುದು, ನೊಗವು ಎತ್ತಿನ ಕೊರಳನ್ನು ಎತ್ತುವುದು. ಮುಂಭಾರವು ಮಿತಿಮೀರಿದರೆ ಹೆಗಲು ಹುಣ್ಣಾಗುವುದು. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಭಾರವು ಹಿಂದಕ್ಕೆ ಹೆಚ್ಚಿದರೆ ಕೊಂಡಿಯು ಮೇಲಕ್ಕೆ ಎಳೆಯಲ್ಪಟ್ಟು ಟ್ರಾಕ್ಟರಿನ ಹಿಂಗಾಲಿಗಳು ನೆಲದ ಹಿಡಿತವನ್ನು ಕಳೆದುಕೊಳ್ಳುವುವು. ಕೊಂಡಿಯ ಮೇಲೆ ಅತಿಯಾಗಿ ಕುಳಿತರೆ ಮುಂಗಾಲಿಗಳು ಹಗುರಾಗಿ, ಸ್ಟೇರಿಂಗು ತಿರುಗಿಸಿದರೂ ತಿರುಗದು. ಅಚ್ಚಿಗಿಂತ ತುಸು ಮುಂದಕ್ಕೆ ತೂಕವು ಬೀಳುವಂತೆ, ಆದಷ್ಟು ತಗ್ಗಾಗಿ ಹೇರುವುದೇ ಕ್ರಮ. ಕೊಂಡಿಯ ಕೀಲನ್ನು ಹೊರಡುವ ಮೊದಲು ಕೈಯಿಂದಲೇ ಮುಟ್ಟಿ ನೋಡಬೇಕು. ಅದು ಕಳಚಿದರೂ ಟ್ರೇಲರು ತಪ್ಪಿಸಿಕೊಳ್ಳದಂತೆ ಒಂದು ಸರಪಣಿಯಿರಬೇಕು. ಕಡಾಣಿಯಿಲ್ಲದ ಗಾಡಿಯನ್ನು ಯಾರಾದರೂ ಹೂಡುತ್ತಿದ್ದರೇ?

ಈ ನ್ಯಾಯವು ನಮ್ಮ ಸೀಮೆಗೇ ಮೀಸಲಾದುದಲ್ಲ. ನಮ್ಮಲ್ಲಿ ಅರಕಲಗೂಡಿನಲ್ಲಿ ಓದಿ ಈಗ ಅಮೆರಿಕದಲ್ಲಿ ಸಂಸಾರ ಹೂಡಿರುವ ಶಿಷ್ಯನೊಬ್ಬನಿಗೆ ಈ ವೃತ್ತಾಂತವನ್ನು ತಿಳಿಸಿದೆವು. ಆ ದೇಶದಲ್ಲಿ ಮಂಚ, ಒಲೆ, ಬಚ್ಚಲುಗಳುಳ್ಳ ಗಾಲಿಯ ಮನೆಯೊಂದನ್ನು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ರಜೆಯಲ್ಲಿ ದೇಶಸಂಚಾರಕ್ಕೆ ಹೊರಡುವ ರೂಢಿಯುಂಟು. ಅವನೂ ಹಾಗೆ ಹೊರಟು, ಬೆಟ್ಟದ ದಾರಿಯಲ್ಲಿ ಟ್ರಕ್ಕಿನ ಗೇರುಪೆಟ್ಟಿಗೆಯನ್ನು ಕೆಡಿಸಿಕೊಂಡು, ಹೆಂಡತಿಮಕ್ಕಳೊಡನೆ ನಡುದಾರಿಯಲ್ಲಿ ನಿಂತಿದ್ದನಂತೆ. ಅಲ್ಲಿಯ ಟ್ರಕ್ಕುಗಳಲ್ಲಿ ಗೇರು ಬಹುಮಟ್ಟಿಗೆ ತಾನಾಗಿಯೇ ಬದಲಾಗುವುದು; ಎಂಜಿನ್ನಿನ ಬಲವು ಎಣ್ಣೆಯ ಸುಳಿಯ ಮೂಲಕ ಗೇರನ್ನು ಮುಟ್ಟುವುದು. ಭಾರವು ಹೆಚ್ಚಾಗಿ ಏರು ಬಂದಾಗ ಆ ಎಣ್ಣೆಯೇ ಕುದಿದು ಕೆಡುವುದು. ಅದನ್ನು ತಣಿಸಲು ಬೇರೊಂದು ಉಪಕರಣವನ್ನು ಜೋಡಿಸುವರು. ಏರಿನಲ್ಲಿ ಕೆಳಗಿನ ಗೇರನ್ನು ತಾವೇ ಹಿಡಿಯುವರು. ಗಾಲಿಮನೆಯ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂಡುವಂತೆ ಸಾಮಾನನ್ನು ಜೋಡಿಸುವರು. “ನಮ್ಮ ತಾತ ಗಾಡಿಗೆ ಮುಂಭಾರ ನೋಡುತ್ತಿದ್ದುದನ್ನೇ ಇಲ್ಲಿ ಲೆಕ್ಕಹಾಕಿ ಹೇಳುತ್ತಾರೆ ಮೇಷ್ಟ್ರೇ” ಎಂದು ಅವನು ಬರೆದನು.

ಆರನೆಯದು ಇಳಿಜಾರು. ಏರಿನಲ್ಲಿ ಹಣ ಹೋದರೆ ಇಳಿಜಾರಿನಲ್ಲಿ ಪ್ರಾಣವೇ ಹೋಗುವುದು. ಸಕಲೇಶಪುರದಿಂದ ಶಿರಾಡಿ ಘಾಟಿಯನ್ನು ಇಳಿಯುವವರು ಇದನ್ನು ಬಲ್ಲರು. ಹತ್ತು ಟನ್ನಿನ ಭಾರವು ನೂರು ಮೀಟರು ಕೆಳಗಿಳಿದರೆ, ಮೂವತ್ತು ಲೀಟರಿನಷ್ಟು ತಣ್ಣೀರನ್ನು ಕುದಿಬರಿಸುವಷ್ಟು ಶಾಖವು ಹುಟ್ಟುವುದು. ಬ್ರೇಕನ್ನೇ ತುಳಿದುಕೊಂಡು ಇಳಿದರೆ ಆ ಶಾಖವೆಲ್ಲ ಬ್ರೇಕಿನ ಪಾಲು; ಕಾದ ಬ್ರೇಕು ಹಿಡಿಯದು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ಹಿಂದಕ್ಕೆ ಜಗ್ಗಿ ಹಿಡಿಯುವುದು. ಡೀಸೆಲೂ ಅತ್ಯಲ್ಪವಾಗಿ ಖರ್ಚಾಗುವುದು. ಡೀಸೆಲನ್ನು ಉಳಿಸುವೆವೆಂದು ಗೇರನ್ನು ತಪ್ಪಿಸಿ ಜಾರಿಸಿಕೊಂಡು ಹೋಗುವವರು, ಎತ್ತನ್ನು ಬಿಚ್ಚಿ ಗಾಡಿಯನ್ನು ಬೆಟ್ಟದಿಂದ ಉರುಳಿಸಿದಂತೆಯೇ ಸರಿ. ವೇಗವು ಇಮ್ಮಡಿಯಾದರೆ ನಿಲ್ಲಿಸಬೇಕಾದ ವೇಗದ ಶಕ್ತಿಯು ನಾಲ್ಮಡಿಯಾಗುವುದೆಂಬುದನ್ನೂ ನೆನಪಿಡತಕ್ಕದ್ದು.

ಇನ್ನೊಂದು ಸೂಕ್ಷ್ಮವುಂಟು. ಟ್ರಾಕ್ಟರಿನಲ್ಲಿ ಎಡ ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕುಗಳಿರುವುವು. ಹೊಲದಲ್ಲಿ ಸಾಲಿನ ಕೊನೆಗೆ ಥಟ್ಟನೆ ತಿರುಗಲು ಅದು ಬೇಕು. ದಾರಿಗೆ ಬಂದ ಮೇಲೆ ಎರಡು ಪೆಡಲುಗಳನ್ನೂ ಕೂಡಿಸುವ ಚಿಲಕವನ್ನು ಹಾಕಲೇಬೇಕು. ಇಲ್ಲವಾದರೆ ಒಂದು ಗಾಲಿ ನಿಂತು ಇನ್ನೊಂದು ಓಡಿ, ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬಂತಾಗಿ ಟ್ರಾಕ್ಟರು ಮಗುಚುವುದು. ರಾತ್ರಿಯಲ್ಲಿ ಟ್ರೇಲರಿನ ಹಿಂಬದಿಗೆ ಕೆಂಪು ದೀಪವೋ ಬೆಳಕಿಗೆ ಹೊಳೆಯುವ ಪಟ್ಟಿಯೋ ಇರಬೇಕು. ಹಿಂದೆ ಗಾಡಿಯ ಅಡಿಯಲ್ಲಿ ಲಾಟೀನು ತೂಗುಹಾಕುತ್ತಿದ್ದುದು ಇದೇ ಕಾರಣಕ್ಕೆ. ನೋಂದಣಿಪತ್ರದಲ್ಲಿ ಕಂಡುದಕ್ಕಿಂತ ಹೆಚ್ಚು ಹೇರುವುದು ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ದಂಡದ ಮಾತು ಹಾಗಿರಲಿ. ಜಾತ್ರೆಗೆ, ದಿಬ್ಬಣಕ್ಕೆ ಹೆಂಗಸರು ಮಕ್ಕಳನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವ ನಮ್ಮ ಹಳ್ಳಿಗಳ ಅಭ್ಯಾಸವನ್ನು ನಾವು ಕೈಮುಗಿದು ಬೇಡವೆನ್ನುವೆವು. ಒಂದು ಮೊಳದ ದೂರದಲ್ಲಿ ಹಾಯ್ದ ಗಾಲಿಯನ್ನು ಕಂಡ ಕಣ್ಣು ಇದನ್ನು ಬರೆಯಿಸುತ್ತಿದೆ.

ಎತ್ತಿಗೂ ಯಂತ್ರಕ್ಕೂ ಒಂದು ಭೇದವುಂಟು. ಭಾರವು ಮಿತಿಮೀರಿದರೆ ಎತ್ತು ಏದುವುದು, ನೊರೆ ಸುರಿಸುವುದು, ಕೊನೆಗೆ ಮಲಗಿಬಿಡುವುದು, ಹೊಡೆದರೂ ಏಳದು. ಆ ಮೊಂಡುತನವೇ ಯಜಮಾನನಿಗೆ ರಕ್ಷೆಯಾಗಿತ್ತು. ಯಂತ್ರವು ಒಲ್ಲೆನೆನ್ನದು. ಮುರಿಯುವ ಕ್ಷಣದವರೆಗೆ ಎಳೆಯುತ್ತಲೇ ಇರುವುದು. ಆದುದರಿಂದ ಎತ್ತು ತಾನೇ ಹೇಳುತ್ತಿದ್ದ ‘ಸಾಕು’ ಎಂಬ ಮಾತನ್ನು ಈಗ ಯಜಮಾನನೇ ಹೇಳಬೇಕಾಗಿದೆ.

ಗೇರುಪೆಟ್ಟಿಗೆ ಸರಿಹೋಗಲು ಎಂಟು ದಿನ ಹಿಡಿಯಿತು. ಸೊಸೆಯ ಸರವು ಆ ವರ್ಷ ಮನೆಗೆ ಬರಲಿಲ್ಲ. ಮರುವರ್ಷದ ಬೆಳೆಯಲ್ಲಿ ಬಂದಿತು. ಆ ಬೆಳೆಯನ್ನು ಎರಡು ಹೇರಾಗಿಯೇ ಸಾಗಿಸಿದರು. ಮಗುವು ನಮ್ಮೊಡನೆ ಬಸ್ಸಿನಲ್ಲಿ ಹಾಸನಕ್ಕೆ ಬಂದಿತು. ಮನೆಯ ಲೆಕ್ಕದ ಪುಸ್ತಕವನ್ನು ಈಗ ಸೊಸೆಯೇ ಬರೆಯುತ್ತಾಳೆ. ಅದರಲ್ಲಿ ಹಾಲಿನ ಲೆಕ್ಕದ ಎದುರು ಪುಟದಲ್ಲಿ ‘ಗೇರೆಣ್ಣೆ’ ಎಂದು ತಲೆಬರಹವಿಟ್ಟು, ಬದಲಾಯಿಸಿದ ತಾರೀಖು, ಮುಂದೆ ಬದಲಾಯಿಸಬೇಕಾದ ಗಂಟೆ ಇವೆರಡನ್ನೂ ಗುಂಡಗೆ ಬರೆದಿರುವುದನ್ನು ಮೊನ್ನೆ ಕಂಡೆವು. ಟ್ರಾಕ್ಟರಿನ ಕುಳಿಯಡಿಯಲ್ಲಿ ಒಂದು ಮರದ ಬೆಣೆ ಇದೆ. ಅದನ್ನು ಕೆತ್ತಿಕೊಟ್ಟವನು ಆ ಮುದುಕನೇ.